ಹಳೆಯ ಫೋನಿಗೆ ಹೊಸ ಪ್ರಾಣ ಬಂದ ಬಗೆ

ರಾಜ್ಯೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಹೇಳಿದಾಗ ನನಗೆ ಸಂಕೋಚವಾಯಿತು. ಕದಂಬರ ಬಗೆಗೋ ವಿಜಯನಗರದ ಬಗೆಗೋ ಅಧಿಕಾರದಿಂದ ಬರೆಯಬಲ್ಲ ವಿದ್ವಾಂಸರು ನಮ್ಮಲ್ಲಿರುವಾಗ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನಗೇಕೆ ಈ ಭಾರವೆಂದುಕೊಂಡೆನು. ಆದರೆ ಇತಿಹಾಸವೆಂಬುದು ಅರಸರ ಶಾಸನಗಳಲ್ಲಿ ಮಾತ್ರವೇ ಇರುವುದಿಲ್ಲ. ನಮ್ಮ ನಿಮ್ಮ ಮನೆಯ ಕಪಾಟಿನ ಮೂಲೆಯಲ್ಲಿ ಚಾರ್ಜರಿನ ತಂತಿ ಸುತ್ತಿಕೊಂಡು ಬಿದ್ದಿರುವ ಹಳೆಯ ಸ್ಮಾರ್ಟ್‌ಫೋನಿಗೂ ಒಂದು ಇತಿಹಾಸವುಂಟು. ತಯಾರಿಸಿದವರೇ ಕೈಬಿಟ್ಟ ಇಂಥ ಫೋನಿಗೆ, ಸಂಬಳವಿಲ್ಲದೆ ದುಡಿದ ಜನರು ಸಿದ್ಧಪಡಿಸಿದ ಬೇರೊಂದು ಆಪರೇಟಿಂಗ್ ಸಿಸ್ಟಮನ್ನು ತುಂಬಿ ಮತ್ತೆ ಬಳಕೆಗೆ ತರುವ ಪದ್ಧತಿಯೊಂದು ಬೆಳೆದು ಬಂದಿದೆ. ಅದು ಹೇಗೆ ಹುಟ್ಟಿತು, ಹೇಗೆ ಹಬ್ಬಿತು, ಒಮ್ಮೆ ಅಳಿದೇಹೋಯಿತೆನ್ನುವಾಗ ಹೇಗೆ ಉಳಿಯಿತು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಈ ಕಥೆ ಬಹುಪಾಲು ನಡೆದುದು ಅಮೆರಿಕೆಯಲ್ಲಿ. ಆದರೂ ಅದರ ಒಂದು ಕೊಂಬೆ ನಮ್ಮ ಕನ್ನಡದ ಅಂಗಳದತ್ತಲೂ ಬಾಗಿದೆ. ನನ್ನ ಪಾಲಿಗೆ ಅದು ನನ್ನ ಅವ್ವನ ಸಂದೇಶದ ರೂಪದಲ್ಲಿ ಬಂದಿತು.

ಚೌಕಗಳಾದ ಅಕ್ಷರಗಳು

ಗದಗ ಸೀಮೆಯ ಹಳ್ಳಿಯೊಂದರಿಂದ ಬ್ಯಾಂಕಿನ ನೌಕರಿಗೆಂದು ನಾನು ಮುಂಬಯಿಗೆ ಬಂದುದು ೨೦೧೨ರಲ್ಲಿ. ಮರುವರ್ಷ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಬೇರೊಬ್ಬರು ಬಳಸಿ ಬಿಟ್ಟ ಸ್ಮಾರ್ಟ್‌ಫೋನೊಂದನ್ನು ಕೊಂಡೆನು. ಅದರಲ್ಲಿ ಇದ್ದುದು ಆಂಡ್ರಾಯ್ಡ್ ೨.೩. ನನ್ನ ಅವ್ವ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಊರಿಗೆಲ್ಲ ಅಕ್ಕೋರು. ಅವಳ ಕೈಯಲ್ಲಿದ್ದ ಅಗ್ಗದ, ಗುಂಡಿಗಳನ್ನು ಒತ್ತುವ ಫೋನಿನಲ್ಲಿ ಕನ್ನಡ ಬರೆಯಲು ಬರುತ್ತಿತ್ತು. ಮಳೆ, ಬೆಳೆ, ತಂಗಿಯ ಪರೀಕ್ಷೆ ಎಲ್ಲವನ್ನೂ ಅವಳು ಕನ್ನಡದಲ್ಲಿಯೇ ಬರೆದು ಕಳಿಸುವಳು. ನನ್ನ ಫೋನಿನಲ್ಲಿ ಮಾತ್ರ ಅವು ಸಾಲು ಸಾಲು ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಏನು ಬರೆದಿದ್ದಾಳೆಂದು ತಿಳಿಯಲು ಅವಳಿಗೇ ಫೋನು ಮಾಡಿ ಕೇಳಬೇಕು. "ನಿನ್ನ ಫೋನಿಗೆ ಕನ್ನಡಾ ಓದಾಕ ಬರೂದಿಲ್ಲೇನು? ಎಷ್ಟನೇ ಇಯತ್ತೆ ಕಲ್ತದ ಅದು?" ಎಂದು ಅವಳು ನಗುತ್ತಿದ್ದಳು.

ತಯಾರಕರ ದುರಸ್ತಿ ಕೇಂದ್ರಕ್ಕೆ ಹೋಗಿ ಕೇಳಿದೆನು. ಈ ಮಾದರಿ ಹಳೆಯದಾಯಿತು, ಇನ್ನು ಇದಕ್ಕೆ ಹೊಸ ಆವೃತ್ತಿ ಬರುವುದಿಲ್ಲ, ಹೊಸ ಫೋನನ್ನೇ ಕೊಳ್ಳಿರಿ ಎಂಬ ಉತ್ತರ ದೊರೆಯಿತು. ಫೋನಿನ ಅವಯವಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಕೆಟ್ಟಿದ್ದುದು ಯಾವುದೂ ಇಲ್ಲ. ಆದರೂ ಅದು ಮುದಿಯಾಯಿತೆಂದು ತೀರ್ಪಾಗಿತ್ತು. ಈ ತೀರ್ಪನ್ನು ಒಪ್ಪದಿದ್ದವರು ಜಗತ್ತಿನಲ್ಲಿ ಬೇರೆಯೂ ಇದ್ದರೆಂಬುದು ನನಗೆ ತಿಳಿದುದು ಆಮೇಲೆ.

ಬೀಜ ಬಿದ್ದ ಕಾಲ

ಆಪರೇಟಿಂಗ್ ಸಿಸ್ಟಮ್ ಎಂದರೇನೆಂಬುದನ್ನು ನನ್ನ ಕಸುಬಿನ ಮಾತಿನಲ್ಲಿಯೇ ಹೇಳುತ್ತೇನೆ. ಕಟ್ಟಡ, ತಿಜೋರಿ, ಮೇಜು, ಕುರ್ಚಿಗಳಿದ್ದ ಮಾತ್ರಕ್ಕೆ ಬ್ಯಾಂಕು ನಡೆಯುವುದಿಲ್ಲ. ಯಾರು ಯಾವ ಕೆಲಸ ಮಾಡಬೇಕು, ತಿಜೋರಿಯ ಕೀಲಿ ಯಾರ ಬಳಿ ಇರಬೇಕು, ಯಾವ ಕಾಗದ ಯಾವ ಮೇಜಿಗೆ ಹೋಗಬೇಕು ಎಂಬ ವ್ಯವಸ್ಥೆ ಬೇಕು. ಫೋನಿನ ಒಳಗೆ ಈ ವ್ಯವಸ್ಥೆಯನ್ನು ನೋಡಿಕೊಳ್ಳುವುದೇ ಆಪರೇಟಿಂಗ್ ಸಿಸ್ಟಮ್. ಅದನ್ನು ಮನುಷ್ಯರು ಓದಿ ತಿದ್ದಬಹುದಾದ ಭಾಷೆಯಲ್ಲಿ ಬರೆದಿರುತ್ತಾರೆ. ಅದಕ್ಕೆ ಮೂಲ ಸಂಕೇತವೆಂದು ಹೆಸರು. ಮೂಲ ಸಂಕೇತವನ್ನು ಬಚ್ಚಿಟ್ಟು ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪವನ್ನು ಮಾರುವುದೆಂದರೆ, ವಹಿಯ ಬಾಬುಗಳನ್ನು ತೋರಿಸದೆ ಕೊನೆಯ ಮೊತ್ತವನ್ನಷ್ಟೇ ಹೇಳಿದಂತೆ. ತಪ್ಪಿದ್ದರೆ ತಿದ್ದುವುದೆಲ್ಲಿಂದ ಬಂತು?

ಈ ಪ್ರಶ್ನೆಯನ್ನು ಹಟದಿಂದ ಎತ್ತಿದವರು ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್. ೧೯೮೦ರ ಸುಮಾರಿಗೆ ಅವರ ಪ್ರಯೋಗಶಾಲೆಗೆ ಬಂದ ಮುದ್ರಣಯಂತ್ರವೊಂದರಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರದಲ್ಲಿ, ಕಾಗದ ಸಿಕ್ಕಿಕೊಂಡೊಡನೆ ಮುದ್ರಣಕ್ಕಾಗಿ ಕಾದಿರುವವರಿಗೆ ಸುದ್ದಿ ಹೋಗುವಂತೆ ಅವರು ತಿದ್ದಿಕೊಂಡಿದ್ದರು. ಹೊಸ ಯಂತ್ರದ ಮೂಲ ಸಂಕೇತವನ್ನು ಕೇಳಿದರೆ ಅದು ಗುಟ್ಟು, ಕೊಡಲಾಗದು ಎಂಬ ಉತ್ತರ ಬಂದಿತು. ಸಣ್ಣ ಸಂಗತಿಯೇ ಸರಿ. ಆದರೆ ಸ್ಟಾಲ್‌ಮನ್‌ರು ೧೯೮೩ರ ಸೆಪ್ಟೆಂಬರಿನಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆಯನ್ನು ಸಾರಿದುದರ ಹಿಂದೆ ಈ ಕಹಿಯೂ ಇದ್ದಿತು. ೧೯೮೯ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿ ಪತ್ರವು ಮೊದಲ ಬಾರಿ ಪ್ರಕಟವಾಯಿತು. ತಂತ್ರಾಂಶವನ್ನು ಯಾರಾದರೂ ಬಳಸಲಿ, ತಿದ್ದಲಿ, ಹಂಚಲಿ. ಆದರೆ ಹಂಚುವವರು ತಿದ್ದಿದ ಮೂಲ ಸಂಕೇತವನ್ನೂ ಜೊತೆಗೆ ಕೊಡತಕ್ಕದ್ದು ಎಂಬುದೇ ಅದರ ಸಾರ.

೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು, ಮರುವರ್ಷ ಅದನ್ನು ಇದೇ ಪರವಾನಗಿಯ ಕೆಳಗೆ ತಂದರು. ಮುಂದೆ ೨೦೦೩ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ, ೨೦೦೫ರಲ್ಲಿ ಗೂಗಲ್ ಕೊಂಡುಕೊಂಡ ಆಂಡ್ರಾಯ್ಡ್ ಈ ಲಿನಕ್ಸ್ ತಿರುಳಿನ ಮೇಲೆಯೇ ನಿಂತಿತು. ಮೇಲಿನ ಪದರಗಳ ಪರವಾನಗಿ ಬೇರೆ. ಆದರೆ ತಿರುಳು ಜಿ.ಪಿ.ಎಲ್.ಗೆ ಒಳಪಟ್ಟುದಾದ್ದರಿಂದ, ಫೋನು ತಯಾರಕರು ತಾವು ಮಾರುವ ಪ್ರತಿಯೊಂದು ಮಾದರಿಯ ತಿರುಳಿನ ಮೂಲ ಸಂಕೇತವನ್ನು ಕೊಡಬೇಕಾಯಿತು. ಕೆಲವರು ತಡಮಾಡಿದರು, ಕೆಲವರು ಅರೆಮನಸ್ಸಿನಿಂದ ಕೊಟ್ಟರು. ಆದರೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಹಳೆಯ ಫೋನು ಬದುಕುವುದಕ್ಕೆ ಆಧಾರವಾದುದು ಈ ಒಂದು ಕರಾರು.

ಮೊದಲ ಫೋನು, ಮೊದಲ ಬಿರುಕು

ಮೊದಲನೆಯ ಆಂಡ್ರಾಯ್ಡ್ ಫೋನು, ಎಚ್.ಟಿ.ಸಿ. ಡ್ರೀಮ್, ಅಮೆರಿಕೆಯಲ್ಲಿ ೨೦೦೮ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದಿತು. ಬದಿಗೆ ಸರಿಸಿದರೆ ಹೊರಬರುವ ಕೀಲಿಮಣೆ, ೧೯೨ ಮೆಗಾಬೈಟ್ ರ್‍ಯಾಮ್. ಅಷ್ಟೇ ಅದರ ಸಂಪತ್ತು. ಆಂಡ್ರಾಯ್ಡಿನ ಮೂಲ ಸಂಕೇತವೂ ಅದೇ ತಿಂಗಳಲ್ಲಿ ಬಹಿರಂಗವಾಯಿತು. ಆದರೆ ಮಾರಿದ ಫೋನಿನೊಳಗೆ ಬೇರೆ ವ್ಯವಸ್ಥೆಯನ್ನು ಕೂಡಿಸಲು ಕೊಂಡವನಿಗೆ ಅಧಿಕಾರವಿರಲಿಲ್ಲ. ಒಳಗಿನ ಸರ್ವಾಧಿಕಾರಕ್ಕೆ ರೂಟ್ ಎಂದು ಹೆಸರು. ಅದು ತಯಾರಕರ ಕೈಯಲ್ಲಿ ಉಳಿದಿತ್ತು.

ಆ ಬೀಗ ತೆರೆದ ಕಥೆ ವಿನೋದದ್ದು. ಅದೇ ನವೆಂಬರಿನಲ್ಲಿ ಒಬ್ಬಾತನು ತನ್ನ ಫೋನನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದನು. ಅಷ್ಟರಲ್ಲಿ ಗೆಳತಿಯು, ಉತ್ತರವೇಕೆ ಬರಲಿಲ್ಲವೆಂದು ಕೇಳಿದ್ದಳು. ಆತನು ಉತ್ತರವಾಗಿ 'ರೀಬೂಟ್' ಎಂಬ ಒಂದೇ ಪದವನ್ನು ಟೈಪು ಮಾಡಿದನು. ಕೂಡಲೇ ಫೋನು ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತು! ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವೂ ಒಳಗೊಳಗೇ ರೂಟ್ ಅಧಿಕಾರದ ಆಜ್ಞೆಯಾಗಿ ಹೋಗುತ್ತಿದ್ದಿತೆಂಬುದು ಹೀಗೆ ಬಯಲಾಯಿತು. ಗೂಗಲ್ ಈ ದೋಷವನ್ನು ಬೇಗನೆ ತಿದ್ದಿತು. ಆದರೆ ಅಷ್ಟರಲ್ಲಿ ಕುತೂಹಲಿಗಳು ಒಳಹೊಕ್ಕು, ತಮ್ಮ ತಿದ್ದುಪಡಿಗಳುಳ್ಳ ವ್ಯವಸ್ಥೆಯನ್ನು ತುಂಬಿಯಾಗಿತ್ತು.

೨೦೦೯ರಲ್ಲಿ ಅಮೆರಿಕೆಯ ಸ್ಟೀವ್ ಕಾಂಡಿಕ್ ಎಂಬವರು ಈ ಕೆಲಸವನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡರು. ಅಂತರಜಾಲದಲ್ಲಿ ಅವರು ಇಟ್ಟುಕೊಂಡಿದ್ದ ಹೆಸರು ಸಯನೋಜೆನ್; ಒಂದು ವಿಷಾನಿಲದ ಹೆಸರದು. ಅವರ ವ್ಯವಸ್ಥೆಗೆ ಸಯನೋಜೆನ್‌ಮಾಡ್ ಎಂಬ ಹೆಸರು ನಿಂತಿತು. ಅದೇ ಸೆಪ್ಟೆಂಬರಿನಲ್ಲಿ ಗೂಗಲ್‌ನ ವಕೀಲರಿಂದ ನೋಟೀಸು ಬಂದಿತು. ಆಂಡ್ರಾಯ್ಡ್ ಮುಕ್ತವಾದರೂ ನಕಾಶೆ, ಜಿಮೇಲ್, ಯೂಟ್ಯೂಬ್, ಮಾರ್ಕೆಟ್ ಮುಂತಾದ ಗೂಗಲ್‌ನ ಸ್ವಂತ ಆ್ಯಪ್‌ಗಳು ಮುಕ್ತವಲ್ಲ, ಅವನ್ನು ಹಂಚುವಂತಿಲ್ಲ ಎಂಬುದು ಆಕ್ಷೇಪಣೆ. ಇಲ್ಲಿಗೆ ಕಥೆ ಮುಗಿಯಿತೆಂದು ಹಲವರು ಬಗೆದರು. ಆದರೆ ರಾಜಿಯ ದಾರಿಯೊಂದು ಹೊಳೆಯಿತು: ಸಯನೋಜೆನ್‌ಮಾಡ್ ಆ ಆ್ಯಪ್‌ಗಳಿಲ್ಲದೆ ಬರುವುದು, ಬೇಕಾದವರು ತಮ್ಮ ಫೋನಿನಲ್ಲಿ ಮೊದಲೇ ಇದ್ದ ಪ್ರತಿಯನ್ನು ತೆಗೆದಿಟ್ಟುಕೊಂಡು ಮತ್ತೆ ಹಾಕಿಕೊಳ್ಳುವುದು. ಇಂದಿಗೂ ಹೊಸ ವ್ಯವಸ್ಥೆಯನ್ನು ಒಂದು ಕಡತವಾಗಿಯೂ ಗೂಗಲ್ ಆ್ಯಪ್‌ಗಳನ್ನು ಬೇರೊಂದು ಕಡತವಾಗಿಯೂ ಹಾಕುವ ರೂಢಿಗೆ ಮೂಲ ಇದೇ.

ಎಚ್.ಟಿ.ಸಿ. ಡ್ರೀಮಿಗೆ ಅಧಿಕೃತವಾಗಿ ಬಂದ ಕೊನೆಯ ಆವೃತ್ತಿ ೧.೬. ಸ್ವಯಂಸೇವಕರು ಅದೇ ಬಡ ಫೋನನ್ನು ೨೦೧೦ರಲ್ಲಿ ೨.೨ಕ್ಕೆ ಏರಿಸಿದರು. ತಯಾರಕರು ಹಾಕಿದ ಪೂರ್ಣವಿರಾಮವು ಫೋನಿನ ಆಯುಸ್ಸಿನ ಪೂರ್ಣವಿರಾಮವಲ್ಲವೆಂಬುದು ಅಂದು ಸಿದ್ಧವಾಯಿತು. ೨೦೧೧ರ ಮೇ ತಿಂಗಳಲ್ಲಿ ಗಿರಾಕಿಗಳ ಗಲಾಟೆಗೆ ಮಣಿದು, ಇನ್ನು ಮುಂದೆ ತನ್ನ ಫೋನುಗಳ ಬೂಟ್‌ಲೋಡರಿಗೆ ಬೀಗ ಹಾಕುವುದಿಲ್ಲವೆಂದು ಎಚ್.ಟಿ.ಸಿ. ಸಾರಬೇಕಾಯಿತು.

ನನ್ನ ಇಟ್ಟಿಗೆ

ಈಗ ತುಂಬುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕು. ಫೋನು ಹೊತ್ತಿಕೊಂಡಾಗ ಮೊದಲು ಏಳುವುದು ಬೂಟ್‌ಲೋಡರ್, ಅದು ದ್ವಾರಪಾಲಕ. ತಯಾರಕರ ಮುದ್ರೆಯಿಲ್ಲದ ವ್ಯವಸ್ಥೆಯನ್ನು ಅದು ಒಳಗೆ ಬಿಡದು. ಆದುದರಿಂದ ಮೊದಲು ಅದರ ಬೀಗ ತೆಗೆಯಬೇಕು. ಸಾಮಾನ್ಯವಾಗಿ ಬೀಗ ತೆಗೆದೊಡನೆ ಫೋನಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಕದ್ದವನ ಕೈಗೆ ಸಿಕ್ಕರೂ ಒಳಗಿನ ಮಾಹಿತಿ ಸಿಗದಿರಲೆಂದು ಈ ಏರ್ಪಾಟು. ಆಮೇಲೆ ರಿಕವರಿ ಎಂಬ ಸಣ್ಣ ತಂತ್ರಾಂಶವನ್ನು ಹಾಕಬೇಕು. ಅದು ಹಿತ್ತಿಲ ಬಾಗಿಲಿದ್ದಂತೆ. ಅದರ ಮೂಲಕ ಹಳೆಯ ವ್ಯವಸ್ಥೆಯನ್ನು ಒರಸಿ ಹೊಸದನ್ನು ತುಂಬುವುದು. ಕೆಲಸ ಅರ್ಧ ತಾಸಿನದು. ಆದರೆ ಎರಡು ಎಚ್ಚರ ತಪ್ಪಬಾರದು: ಬೇಕಾದುದನ್ನೆಲ್ಲ ಮೊದಲು ಬೇರೆಡೆ ತೆಗೆದಿಡಬೇಕು, ಕಡತವು ತನ್ನ ಮಾದರಿಗೇ ಸೇರಿದ್ದೆಂದು ನೋಡಿಕೊಳ್ಳಬೇಕು.

ನಾನು ಎರಡನ್ನೂ ತಪ್ಪಿದೆನು. ೨೦೧೩ರ ಒಂದು ಭಾನುವಾರ, ಫೋನಿನ ಹೆಸರು ಒಂದೇ ಇದೆಯೆಂದು ಹಿಗ್ಗಿ, ಮಾದರಿ ಸಂಖ್ಯೆಯ ಕೊನೆಯ ಅಕ್ಷರವನ್ನು ನೋಡದೆಯೇ ಬೇರೆ ಮಾದರಿಯ ಕಡತವನ್ನು ತುಂಬಿದೆನು. ಫೋನು ತಯಾರಕರ ಲಾಂಛನವನ್ನು ತೋರಿಸಿ ಅಲ್ಲಿಯೇ ಸ್ತಬ್ಧವಾಯಿತು. ಇಂಥ ಫೋನಿಗೆ ಬಲ್ಲವರು 'ಇಟ್ಟಿಗೆ' ಎನ್ನುತ್ತಾರೆ. ಒಂದು ತಿಂಗಳ ಸಂಬಳದ ಸಾಕಷ್ಟು ಭಾಗ ಆ ಇಟ್ಟಿಗೆಯಲ್ಲಿ ಹೂತಿದ್ದಿತು. ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಸಂಜೆ ಲ್ಯಾಮಿಂಗ್ಟನ್ ರಸ್ತೆಗೆ ಓಡಿದೆನು. ದುರಸ್ತಿ ಅಂಗಡಿಯ ಹುಡುಗನೊಬ್ಬನು ಫೋನಿನ ಬ್ಯಾಟರಿಯನ್ನು ತೆಗೆದು, ಅದರಡಿ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟನು. ನಾನು ಬ್ಯಾಂಕಿನವನೆಂದು ತಿಳಿದು, "ಸಾಹೇಬರೇ, ಖಾತೆಯ ನಂಬರು ನೋಡದೆ ಹೆಸರು ನೋಡಿಯೇ ದುಡ್ಡು ಜಮಾ ಮಾಡುತ್ತೀರೇನು?" ಎಂದು ಮರಾಠಿಯಲ್ಲಿ ಕೇಳಿದನು. ತಲೆ ತಗ್ಗಿಸಿದೆನು. ಅವನು ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಹಿತ್ತಿಲ ಬಾಗಿಲನ್ನು ತೆರೆದು, ನನ್ನ ಮಾದರಿಗೆ ತಕ್ಕ ಸಯನೋಜೆನ್‌ಮಾಡ್ ೧೦ನ್ನು ಹುಡುಕಿ ತುಂಬಿದನು. ನೂರು ರೂಪಾಯಿ ಮಾತ್ರ ತೆಗೆದುಕೊಂಡನು.

ಫೋನು ಬದುಕಿತು. ಆದರೆ ಅವ್ವ ಆರು ತಿಂಗಳಿನಿಂದ ಕಳಿಸಿದ್ದ ಸಂದೇಶಗಳೆಲ್ಲ ಅಳಿಸಿಹೋಗಿದ್ದವು. ಎಂದಾದರೊಂದು ದಿನ ಓದುವೆನೆಂದು ಆ ಚೌಕಗಳನ್ನೆಲ್ಲ ಕಾದಿರಿಸಿದ್ದೆನು. ತೆಗೆದಿಡುವ ಬುದ್ಧಿ ಮಾತ್ರ ಬರಲಿಲ್ಲ. ಓದುವ ಶಕ್ತಿ ಬಂದ ದಿನವೇ ಓದಬೇಕಾದುದು ಇಲ್ಲವಾಯಿತು. ಆ ರಾತ್ರಿ ಅವ್ವನಿಗೆ ಫೋನು ಮಾಡಿ, ಏನಾದರೂ ಬರೆದು ಕಳಿಸೆಂದೆನು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕನ್ನಡ ಮೂಡಿತು: "ಮಳಿ ಛಲೋ ಆಗೇದ. ಊಟಾ ತಪ್ಪಸಬ್ಯಾಡ. ಅವ್ವ." ಒತ್ತಕ್ಷರ ಸಹಿತ, ತಪ್ಪಿಲ್ಲದೆ.

ಕನ್ನಡ ಮೂಡಿದ ಕಾರಣ

ಆ ಒತ್ತಕ್ಷರದ ಮಹತ್ವವನ್ನು ಬಿಡಿಸಿ ಹೇಳಬೇಕು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಕನ್ನಡವು ೧೯೯೧ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ಸಂಕೇತವಿದ್ದರೆ ಸಾಲದು. ಅಕ್ಷರದ ರೂಪವನ್ನು ಕೊಡುವ ಫಾಂಟು ಬೇಕು. ಜೊತೆಗೆ, ವ್ಯಂಜನದ ಕೆಳಗೆ ಒತ್ತನ್ನೂ ತಲೆಯ ಮೇಲೆ ಗುಣಿತವನ್ನೂ ಸರಿಯಾದ ಸ್ಥಳದಲ್ಲಿ ಕೂಡಿಸುವ ತಂತ್ರಾಂಶವೂ ಬೇಕು. ೨.೩ರ ಕಾಲದ ಫೋನುಗಳಿಗೆ ಕೆಲವರು ಕನ್ನಡ ಫಾಂಟನ್ನು ಬಲವಂತವಾಗಿ ತುಂಬಿ ನೋಡಿದರು. ಚೌಕಗಳು ಹೋದವು, ಆದರೆ 'ಅವ್ವ' ಎಂಬುದು 'ಅವ್‌ವ' ಎಂದೂ 'ಕನ್ನಡ'ವು 'ಕನ್‌ನಡ' ಎಂದೂ ಕೈಕಾಲು ಮುರಿದುಕೊಂಡು ಬರುತ್ತಿದ್ದವು. ಆಗ ನಮ್ಮಲ್ಲಿ ಅನೇಕರು ಕನ್ನಡ ಪತ್ರಿಕೆಗಳನ್ನು ಓದಲು ಆಪೆರಾ ಮಿನಿ ಎಂಬ ಬ್ರೌಸರಿನಲ್ಲಿ, ಅಕ್ಷರಗಳನ್ನು ಚಿತ್ರಗಳಾಗಿ ತರಿಸಿಕೊಳ್ಳುವ ಉಪಾಯವನ್ನು ಬಳಸಿದುದು ವಾಚಕರಿಗೆ ನೆನಪಿರಬಹುದು.

೨೦೧೨ರ ಜುಲೈಯಲ್ಲಿ ಬಂದ ಆಂಡ್ರಾಯ್ಡ್ ೪.೧ರಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ಆಧಾರ ದೊರೆಯಿತು. ೨೦೧೪ರ ೫.೦ರಲ್ಲಿ ಫೋನಿನ ಪಟ್ಟಿ, ಸೂಚನೆಗಳೂ ಕನ್ನಡದಲ್ಲಿ ದೊರೆಯುವಂತಾದವು. ಆದರೆ ಹೊಸ ಫೋನು ಕೊಂಡವರಿಗೆ ಮಾತ್ರ ಇದರ ಫಲ. ಹಳೆಯ ಫೋನಿನವರಿಗೆ ಕಂಪನಿಗಳು ಅದನ್ನು ತಲುಪಿಸಲಿಲ್ಲ. ೪.೧ರ ಮೇಲೆ ಕಟ್ಟಿದ ಸಯನೋಜೆನ್‌ಮಾಡ್ ೧೦ ತಲುಪಿಸಿತು. ಅದನ್ನು ನನ್ನ ಮಾದರಿಗೆ ಹೊಂದಿಸಿದ ಪುಣ್ಯಾತ್ಮನಿಗೆ ಕನ್ನಡದ ಹೆಸರಾದರೂ ಗೊತ್ತಿತ್ತೋ ಇಲ್ಲವೋ! ಆತನು ಕಟ್ಟಿದುದು ತನ್ನ ಫೋನಿಗಾಗಿ. ಬಾಗಿಲು ತೆರೆದಿದ್ದುದರಿಂದ ನಮ್ಮ ನುಡಿಯೂ ಒಳಗೆ ಬಂದಿತು.

ವ್ಯಾಪಾರ ಮುಳುಗಿತು, ವಂಶ ಉಳಿಯಿತು

೨೦೧೩ರ ಸೆಪ್ಟೆಂಬರಿನಲ್ಲಿ ಈ ಸೇವೆಯು ವ್ಯಾಪಾರಕ್ಕೆ ಇಳಿಯಿತು. ಸಯನೋಜೆನ್ ಎಂಬ ಕಂಪನಿ ಹುಟ್ಟಿತು. ಹೂಡಿಕೆದಾರರಿಂದ ಮೊದಲು ೭೦ ಲಕ್ಷ ಡಾಲರು, ಅದೇ ವರ್ಷದ ಕೊನೆಗೆ ಇನ್ನೂ ೨ ಕೋಟಿ ೩೦ ಲಕ್ಷ ಡಾಲರು ಬಂದವು. ಅದರ ವ್ಯವಸ್ಥೆಯನ್ನು ಹೊತ್ತ ಒನ್‌ಪ್ಲಸ್ ಒನ್ ಫೋನು ೨೦೧೪ರ ಡಿಸೆಂಬರಿನಲ್ಲಿ ಭಾರತಕ್ಕೂ ಬಂದಿತು. ಆದರೆ ಭಾರತದಲ್ಲಿ ಈ ವ್ಯವಸ್ಥೆಯ ಹಕ್ಕು ತನಗೆ ಮಾತ್ರ ಸೇರಿದುದೆಂದು ಮೈಕ್ರೋಮ್ಯಾಕ್ಸ್ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಡಿಸೆಂಬರ್ ೧೬ರಂದು ಒನ್‌ಪ್ಲಸ್‌ನ ಮಾರಾಟಕ್ಕೆ ತಡೆ ಬಿದ್ದಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠವು ಆ ತಡೆಯನ್ನು ತೆರವುಗೊಳಿಸಿತು. ಎಲ್ಲರಿಗೂ ಹಂಚಲೆಂದು ಹುಟ್ಟಿದ ವಸ್ತುವಿಗಾಗಿ ಇಬ್ಬರು ವ್ಯಾಪಾರಿಗಳು ಕಟಕಟೆ ಹತ್ತಿದುದು ವಿಧಿಯ ವಿಡಂಬನೆಯೇ ಸರಿ.

ವ್ಯಾಪಾರ ಕುದುರಲಿಲ್ಲ. ಕಾಂಡಿಕ್‌ರೂ ಕಂಪನಿಯಿಂದ ಹೊರಬಿದ್ದರು. ೨೦೧೬ರ ಡಿಸೆಂಬರ್ ೩೧ರೊಳಗೆ ಎಲ್ಲ ಸೇವೆಗಳನ್ನೂ ನಿಲ್ಲಿಸುವುದಾಗಿ ಕಂಪನಿಯು ಆ ವರ್ಷದ ಕ್ರಿಸ್‌ಮಸ್ಸಿನ ಮುನ್ನಾದಿನಗಳಲ್ಲಿ ಸಾರಿತು. ಸಯನೋಜೆನ್‌ಮಾಡ್ ಎಂಬ ಹೆಸರೂ ಕಂಪನಿಯ ಸ್ವತ್ತಾಗಿದ್ದುದರಿಂದ, ಸ್ವಯಂಸೇವಕರಿಗೆ ಹೆಸರೂ ಉಳಿಯಲಿಲ್ಲ, ಯಂತ್ರಗಳೂ ಉಳಿಯಲಿಲ್ಲ. ಉಳಿದುದು ಮೂಲ ಸಂಕೇತ ಒಂದೇ. ಅದನ್ನು ಮುಚ್ಚಿಡಲು ಯಾರಿಗೂ ಅಧಿಕಾರವಿರಲಿಲ್ಲ. ಆ ವಾರದಲ್ಲಿಯೇ ಅವರು ಅದೇ ಸಂಕೇತದಿಂದ ಲಿನಿಯೇಜ್ ಓ.ಎಸ್. ಎಂಬ ಹೊಸ ವ್ಯವಸ್ಥೆಯನ್ನು ಘೋಷಿಸಿದರು. ಲಿನಿಯೇಜ್ ಎಂದರೆ ವಂಶ, ಪರಂಪರೆ. ೨೦೨೪ರ ಕೊನೆಗೆ, ಆಂಡ್ರಾಯ್ಡ್ ೧೫ರ ಮೇಲೆ ಕಟ್ಟಿದ ಅದರ ೨೨ನೆಯ ಆವೃತ್ತಿ ಹೊರಬಂದಿತು. ಕೋಟಿಗಟ್ಟಲೆ ಡಾಲರಿನ ಕಂಪನಿ ಮುಳುಗಿತು. ಸಂಬಳವಿಲ್ಲದವರ ಕೆಲಸ ಉಳಿಯಿತು.

ಬ್ಯಾಂಕಿನವನ ಎರಡು ಮಾತು

ನಾನು ಬ್ಯಾಂಕಿನವನಾದ್ದರಿಂದ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾದೀತು. ಬೀಗ ತೆಗೆದ ಫೋನಿನಲ್ಲಿ ಹಣ ಕಳಿಸುವ ಅನೇಕ ಆ್ಯಪ್‌ಗಳು ನಡೆಯುವುದಿಲ್ಲ. ದ್ವಾರಪಾಲಕನು ಕಾವಲು ಬಿಟ್ಟ ಮನೆಯಲ್ಲಿ ಯಾರು ಹೊಕ್ಕಿದ್ದಾರೋ ತಿಳಿಯದೆಂಬುದು ಬ್ಯಾಂಕುಗಳ ವಾದ. ಮೋಸಹೋಗಿ ಕೌಂಟರಿನ ಮುಂದೆ ಕಣ್ಣೀರಿಟ್ಟವರನ್ನು ನಾನು ಕಂಡಿದ್ದೇನೆ. ಆ ವಾದವನ್ನು ತಳ್ಳಿಹಾಕಲಾರೆ. ಆದರೆ ರಕ್ಷಣೆಯ ತಿದ್ದುಪಡಿಗಳು ವರ್ಷಗಳ ಹಿಂದೆಯೇ ನಿಂತುಹೋದ ಹಳೆಯ ಫೋನಿಗೆ, ಬೀಗ ಹಾಗೆಯೇ ಇದೆಯೆಂಬ ಒಂದೇ ಕಾರಣಕ್ಕೆ ಪ್ರವೇಶ ಕೊಟ್ಟು, ತಿಂಗಳು ತಿಂಗಳೂ ತಿದ್ದುಪಡಿ ಪಡೆಯುವ ಲಿನಿಯೇಜ್ ಫೋನನ್ನು ಹೊರಗೆ ನಿಲ್ಲಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಈ ತಕರಾರು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ನನ್ನ ಸಲಹೆ ಇಷ್ಟೇ: ಹಣದ ವ್ಯವಹಾರಕ್ಕೆ ಒಂದು ಫೋನು ಇರಲಿ, ಹಳೆಯದಕ್ಕೆ ಹೊಸ ವ್ಯವಸ್ಥೆ ತುಂಬಿ ಮಕ್ಕಳ ಓದಿಗೆ, ಹಿರಿಯರ ಹಾಡು ಹರಟೆಗೆ ಕೊಡಿರಿ. ತುಂಬುವ ಮುನ್ನ ಮಾದರಿ ಸಂಖ್ಯೆಯನ್ನು ಎರಡು ಸಲ ನೋಡಿರಿ. ಸಂದೇಶಗಳನ್ನು ಮೊದಲು ತೆಗೆದಿಡಿರಿ.

ಪರನಾಡಿನಲ್ಲಿ ನೆಲೆಸಿದ ನಮಗೆ ಈ ಇತಿಹಾಸವು ಹೊಸದೆನಿಸಬೇಕಾಗಿಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗಾಗಿ ಇದೇ ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳನ್ನು ನಡೆಸಿದ ಹಿರಿಯರು ನಮ್ಮವರೇ. ಈ ಹುಡುಗರ ಓದಿನ ಕಾಲ ಮುಗಿಯಿತೆಂಬ ತೀರ್ಪನ್ನು ಅವರೂ ಒಪ್ಪಲಿಲ್ಲ. ನಮ್ಮ ಸಂಘಗಳೂ ಸಂಬಳವಿಲ್ಲದವರ ಕೈಕೆಲಸದಿಂದಲೇ ನಡೆದಿವೆ. ಪದಾಧಿಕಾರಿಗಳು ಬದಲಾಗುತ್ತಾರೆ, ಕಟ್ಟಡ ಬದಲಾಗುತ್ತದೆ, ಕೆಲವೊಮ್ಮೆ ಹೆಸರೂ ಬದಲಾಗುತ್ತದೆ. ಲೆಕ್ಕದ ಪುಸ್ತಕ ತುಂಬಿದಾಗ ನಾವು ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಹಿಂದಿನ ಶಿಲ್ಕನ್ನು ಬರೆದುಕೊಂಡೇ ಮುಂದುವರಿಯುತ್ತೇವೆ. ಆ ಶಿಲ್ಕು ತಪ್ಪದಂತೆ ನೋಡಿಕೊಂಡರೆ ಸಾಕು.

ನನ್ನ ಆ ಹಳೆಯ ಫೋನಿನ ಬ್ಯಾಟರಿ ಈಗ ಒಂದು ತಾಸೂ ಬಾಳುವುದಿಲ್ಲ. ಆದರೂ ಅದನ್ನು ಎಸೆದಿಲ್ಲ. ಅವ್ವನ ಆ ಮೊದಲ ಸಂದೇಶ ಅದರಲ್ಲಿದೆ. ಈ ಸಲ ಬೇರೆಡೆಯೂ ತೆಗೆದಿಟ್ಟಿದ್ದೇನೆ.